ಪಾಳಿ ಬಿದ್ದ ದಿನ ಹೆಸರು ಮುರಿಸಬೇಡಿರಿ, ಮುತ್ಯಾ

ಬೆಟಗೇರಿ, ಅರಳೆ ಅಟ್ಟದ ಮೇಲಿಂದ
ಇಸವಿ ಎರಡು ಸಾವಿರದ ಇನ್ನೂರ ಮೂವತ್ತೊಂದು, ಕಡೆತದ ತಿಂಗಳು, ಗುರುವಾರ ಮುಂಜಾನೆ

ಮುತ್ಯಾ ಮೌಲಾಸಾಬ ನದಾಫರಿಗೆ, ನಿಮ್ಮ ಮೊಮ್ಮಕ್ಕಳ ಮೊಮ್ಮಕ್ಕಳಿಗೂ ಆಚೆ ಹುಟ್ಟಿದವರ ಮನೆಯ ಸೊಸೆ ದಾವಲಬಿ ಮಾಡುವ ಸಲಾಂ.

ಮೇಲಿನ ಇಸವಿ ನೋಡಿ ಯಾರೋ ಚೇಷ್ಟೆ ಮಾಡಿದ್ದಾರೆಂದು ಕಾಗದ ಹರಿದು ಒಗೆಯಬೇಡಿರಿ. ನನ್ನ ಅಕ್ಷರ ಸೊಟ್ಟ ಇವೆ, ಅದಕ್ಕೂ ಮಾಫಿ ಇರಲಿ. ನಾನು ನಾಲ್ಕನೆ ಇಯತ್ತೆಯಲ್ಲಿದ್ದಾಗ ನಮ್ಮ ಸಾಲಿಯ ಅಕ್ಕೋರು ನೀರಿರುವ ಊರಿಗೆ ಹೋದರು, ತಿರುಗಿ ಬರಲಿಲ್ಲ, ಸಾಲಿ ಅಲ್ಲಿಗೇ ನಿಂತಿತು. ಈಗ ನಮ್ಮಲ್ಲಿ ಯಾರೂ ಬರೆಯುವುದೂ ಇಲ್ಲ, ಎಲ್ಲರೂ ಕಂಬದ ಮುಂದೆ ನಿಂತು ಬಾಯಿಂದಲೇ ಹೇಳುತ್ತಾರೆ. ಕಾಗದ ಬೇಕಾಗುವುದು ಹಿಮ್ಮುಖ ಅಂಚೆಗೆ ಮಾತ್ರ. ಅದರ ಬಾಯಿಗೆ ಹಾಕಿದ ಪತ್ರ ಮುಂದಿನ ಊರಿಗೆ ಹೋಗುವುದಿಲ್ಲ, ಹಿಂದಿನ ಕಾಲಕ್ಕೆ ಹೋಗುತ್ತದೆ ಅನ್ನುತ್ತಾರೆ. ಮುಟ್ಟಿತೆಂದು ಒಬ್ಬರಾದರೂ ಹೇಳಿದ್ದು ನಾನು ಕೇಳಿಲ್ಲ. ಆದರೂ ಗೋರಿಗೆ ಹೂ ಹಾಕಿದ ಹಾಗೆ ಜನ ಹಾಕುತ್ತಲೇ ಇರುತ್ತಾರೆ. ನಾನೂ ಹಾಕುತ್ತೇನೆ, ಯಾಕೆಂದರೆ ನನಗೆ ಬೇರೆ ದಾರಿ ತೋಚುತ್ತಿಲ್ಲ. ನನ್ನ ಮಾತಿನಲ್ಲಿ ನಿಮಗೆ ಗೊತ್ತಿಲ್ಲದ ಶಬ್ದ ಬಂದಲ್ಲಿ ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ.

ಮೊದಲು ನಾನು ಎಲ್ಲಿದ್ದೇನೆ ಅನ್ನುವುದು ತಿಳಿಯಿರಿ. ನಮ್ಮ ಗಾದಿ ಅಂಗಡಿಯ ಮೇಲಿನ ಅಟ್ಟದಲ್ಲಿ, ಹಿಂಜಿದ ಅರಳೆಯೊಳಗೆ ಕುತ್ತಿಗೆಮಟ ಅಡಗಿ ಕೂತಿದ್ದೇನೆ. ನಮ್ಮ ಮನೆಯವರು ನನ್ನನ್ನು ಹುಡುಕುತ್ತಿದ್ದಾರೆ. ಗಂಡನ ಹೆಸರು ಹೇಳಬಾರದು, ಆದರೂ ನಿಮಗೆ ಗುರುತಾಗಲೆಂದು ಬರೆಯುತ್ತೇನೆ, ಬುಡನಸಾಬ. ಹೊಡೆಯುವ ಮನುಷ್ಯ ಅಲ್ಲ ಅವರು, ಅಳುವ ಮನುಷ್ಯ. ಅದಕ್ಕೇ ನನಗೆ ಹೆಚ್ಚು ಹೆದರಿಕೆ. ಅವರಿಗೆ ನನ್ನ ದನಿ ಬೇಕಾಗಿದೆ. ನಮ್ಮಲ್ಲಿ ಅಂಗಡಿಯ ಹೆಸರು ಮುರಿಸಬೇಕಾದರೆ, ಅಂದರೆ ಹಳೆ ಹೆಸರು ಅಳಿಸಿ ಹೊಸದು ಕೊಡಬೇಕಾದರೆ, ಗಂಡ ಹೆಂಡತಿ ಇಬ್ಬರೂ ಕಂಬದ ಮುಂದೆ ನಿಂತು ಒಪ್ಪಿಗೆ ಹೇಳಬೇಕು. ಇವತ್ತು ಮಧ್ಯಾಹ್ನದ ಭೋಂಗಾ, ಅಂದರೆ ಊರಿನ ಸೈರನ್, ಕೂಗುವ ತನಕ ಅದಕ್ಕೆ ವೇಳೆ ಇದೆ. ಆಮೇಲೆ ಚಳಿಗಾಲ ಮುಗಿಯುವ ತನಕ ಯಾರ ಹೆಸರನ್ನೂ ಮುಟ್ಟಲು ಬರುವುದಿಲ್ಲ. ಭೋಂಗಾ ಕೂಗುವವರೆಗೆ ನಾನು ಸಿಗದಿದ್ದರೆ ನಮ್ಮ ಹೆಸರು ಉಳಿಯುತ್ತದೆ. ಸಿಕ್ಕರೆ, ಅವರ ಕಣ್ಣೀರು ನೋಡಿದರೆ, ಏನಾಗುತ್ತದೋ ನನಗೆ ನನ್ನ ಮೇಲೇ ಭರವಸೆ ಇಲ್ಲ.

ಕಂಬ ಅಂದರೆ ಉತ್ತರಗಂಬ. ಓಣಿಯ ಮೂಲೆಗೊಂದು ನಿಂತಿರುತ್ತದೆ. ನಿಮ್ಮ ಕಾಲದಲ್ಲಿ ಫೋನಿನಲ್ಲಿ ಸರ್ಚ್ ಮಾಡುತ್ತಿದ್ದರಂತಲ್ಲ, ಅದೇ ಇದು, ಬಾಯಿ ಬಂದಿದೆ ಅಷ್ಟೆ. ಗಾದಿ ಹಿಂಜುವವರು ಯಾರಿದ್ದಾರೆ ಎಂದು ಕೇಳಿದರೆ ಒಂದಾದ ಮೇಲೊಂದು ಹೆಸರು ಹೇಳುತ್ತದೆ. ಯಾರ ಹೆಸರು ಎಷ್ಟನೆಯದೋ ಅದು ಅವರ ಪಾಳಿ. ಜನ ಮೂರು ಹೆಸರು ಕೇಳುವಷ್ಟರಲ್ಲಿ ನಡೆದುಬಿಡುತ್ತಾರೆ, ನಿಂತು ಕೇಳುವಂಥ ಬಿಸಿಲಲ್ಲ ನಮ್ಮದು. ಓಣಿಗಳ ಮೇಲೆಲ್ಲ ನೆರಳಿನ ಬಟ್ಟೆ ಕಟ್ಟಿರುತ್ತದೆ, ಮಧ್ಯಾಹ್ನದ ಭೋಂಗಾ ಆದ ಮೇಲೆ ನಾಯಿಯೂ ಹೊರಗೆ ಬರುವುದಿಲ್ಲ. ವರ್ಷವಿಡೀ ನಾವು ಚಾಪೆಯ ಮೇಲೆ, ಒದ್ದೆ ಬಟ್ಟೆ ಹೊದ್ದು ಮಲಗುವವರು. ಚಳಿ ಬರುವುದು ಒಂದೇ ತಿಂಗಳು. ನಿಮ್ಮ ಕಾಲದ ಸ್ಪಂಜಿನ ಗಾದಿಗಳು ಈಗ ಎಲ್ಲೂ ಇಲ್ಲ, ಅವನ್ನು ಮಾಡುತ್ತಿದ್ದ ನೆಲದೊಳಗಿನ ಎಣ್ಣೆಯೂ ಇಲ್ಲ. ಹಾಗಾಗಿ ಆ ಒಂದು ತಿಂಗಳಿಗಾಗಿ ಊರಿಗೆ ಊರೇ ಹಳೆ ಗಾದಿ ಹೊತ್ತುಕೊಂಡು ಹಿಂಜುವವರನ್ನು ಹುಡುಕುತ್ತದೆ. ಮದುವೆಯ ಗಾದಿಯೂ ಆಗಲೇ. ಆ ತಿಂಗಳು ದುಡಿದದ್ದನ್ನು ನಾವು ವರ್ಷ ಉಣ್ಣುತ್ತೇವೆ. ಆ ತಿಂಗಳು ಇನ್ನೇನು ಬಂತು, ಮುತ್ಯಾ. ಈಗ ನಮ್ಮ ಪಾಳಿ ಬಿದ್ದಿದೆ.

ಮೂರನೆಯದಿತ್ತು. ಒಂದು ಮುಂಜಾನೆ ಐದಕ್ಕೆ ಇಳಿಯಿತು. ನಮ್ಮವರು ಬಾಯಿ ತೊಳೆಯುವುದಕ್ಕೂ ಮೊದಲು ಕಂಬಕ್ಕೆ ಹೋಗಿ ಕೇಳುವವರು. ಅವತ್ತು ಓಡುತ್ತ ಬಂದು ಅಂಗಳದಲ್ಲಿ ಕುಸಿದು ಕೂತರು. "ನಮ್ಮ ಹೆಸರು ಸತ್ತತು ದಾವಲೂ, ಯಾರೋ ಏನೋ ಮಾಡ್ಯಾರ ನಮಗ" ಅಂದರು. ನಮ್ಮ ಅತ್ತಿ ಕಾಶೀಮಬಿಗೆ ಎಲ್ಲಿ ಏನು ಅನ್ನಬೇಕೆಂಬುದಿಲ್ಲ. "ಐದಂದ್ರ ಸಾಯೂದೇನೋ? ನೀ ಹುಟ್ಟಿದ್ದ ಐದನೇದವ, ನಿನ್ನ ಒಗದ್ನೇನು ನಾ?" ಅಂದರು. ಆದರೆ ಬೈದ ಅತ್ತಿಯೇ ಚಾದರ ಹೊದ್ದು ಮೊದಲು ಹೊರಗೆ ಹೊರಟರು. ಅಂಗಡಿಗೆ ಕೀಲಿ ಹಾಕಿ ನಾವೆಲ್ಲ ಒಂದೊಂದು ದಿಕ್ಕು ಹಿಡಿದೆವು. ಈ ಕಂಬ ಏನು ಹೇಳುತ್ತದೆ, ಆ ಕಂಬ ಏನು ಹೇಳುತ್ತದೆ ಎಂದು ಗದಗ ಬೆಟಗೇರಿ ಎರಡೂ ಸುತ್ತಿದೆವು. ಒಂದು ಕಂಬ ನಾಲ್ಕು ಅಂದಿತು, ಇನ್ನೊಂದು ಏಳು ಅಂದಿತು, ನಮ್ಮ ಬಾಗಿಲೆದುರಿನದು ಎರಡು ಅಂದಿತು. ಸಂಜೆ ಕೂಡಿ ಕೂತು ಯಾವುದು ನಿಜ ಎಂದು ಜಗಳಾಡಿದೆವು. ಮರುದಿನ ಮತ್ತೆ ಕೀಲಿ, ಮತ್ತೆ ಕಂಬ. ಹೀಗೆ ಮಾಡುತ್ತ ಮಾಡುತ್ತ ಐದು ಇದ್ದದ್ದು ಒಂಬತ್ತಾಯಿತು, ಒಂಬತ್ತು ಇದ್ದದ್ದು ಹತ್ತೊಂಬತ್ತಾಯಿತು. ಹತ್ತೊಂಬತ್ತು ಎಂದರೆ ಬೆಟಗೇರಿಯಲ್ಲಿ ನಮ್ಮ ಹೆಸರು ಯಾರ ಕಿವಿಗೂ ಬೀಳುವುದಿಲ್ಲ.

ಈಗ ನಿಮ್ಮ ಸುದ್ದಿಗೆ ಬರುತ್ತೇನೆ, ಸಿಟ್ಟಾಗಬೇಡಿರಿ. ನಮ್ಮ ಮನೆತನದಲ್ಲಿ ಯಾರಾದರೂ ಒಂದು ಕೆಲಸವನ್ನು ಸುಮ್ಮನೆ ಇರಗೊಡದೆ ಕೆದಕಿದರೆ "ಮೌಲಾಸಾಬನ ಕೈ ಬಂದೈತಿ" ಅನ್ನುತ್ತಾರೆ. ಯಾಕೆ ಅನ್ನುತ್ತಾರೆಂದರೆ, ನಿಮ್ಮದೊಂದು ವೆಬ್‌ಸೈಟ್ ಇತ್ತಂತೆ. ಹಳೆ ಅರಳೆಯನ್ನು ಕೈಯಲ್ಲಿ ಹಿಡಿದು ಹೇಗೆ ಗುರುತಿಸಬೇಕು, ಮಳೆಗಾಲದ ಗಾದಿಯನ್ನು ಯಾವ ಬಿಸಿಲಿಗೆ ಹಾಕಬೇಕು, ಬಾಣಂತಿಯ ಗಾದಿ ಎಷ್ಟು ಗಟ್ಟಿ ಇರಬೇಕು, ಎಲ್ಲ ಬರೆದಿದ್ದಿರಂತೆ. ದೂರದೂರದ ಹೆಣ್ಣುಮಕ್ಕಳು ಓದುತ್ತಿದ್ದರಂತೆ. ಒಂದು ದಿನ ನಿಮ್ಮ ಪಾಳಿ ಬಿತ್ತು. ನೀವು ಅವತ್ತೇ ಹೆಸರು ಬದಲಿಸಿದಿರಿ, ನಂಬರ್ ಒನ್ ಗಾದಿ ಎಂದಿಟ್ಟಿರಿ. ಮರುದಿನ ಸಾಲುಸಾಲಿಗೂ ಗಾದಿ ಗಾದಿ ಗಾದಿ ಎಂದು ತುಂಬಿದಿರಿ. ಎಂಟು ದಿನದಲ್ಲಿ ಮೊದಲ ಪಾಳಿ ಗ್ಯಾರಂಟಿ ಎಂದವನೊಬ್ಬನ ಮಾತು ಕೇಳಿ, ಬಿಸಿಲು ಬಾಣಂತಿ ಎಲ್ಲ ಕಿತ್ತು ಹಾಕಿದಿರಿ. ಮತ್ತೆಂದೂ ಅದು ಮೇಲೆ ಬರಲಿಲ್ಲವಂತೆ. ಅದರ ನಂತರ ನಮ್ಮಲ್ಲಿ ಹೆಸರು ಮುರಿಸುವುದು ರೋಗದ ಹಾಗೆ ಬಂದುಬಿಟ್ಟಿತು. ನನ್ನ ಮಾವ ಮುರಿಸಿದರು, ಅವರ ಅಪ್ಪ ಮುರಿಸಿದ್ದರು. ಪ್ರತಿ ಸಲವೂ ಕಂಬ ನಮ್ಮನ್ನು ನಿನ್ನೆ ಹುಟ್ಟಿದವರೆಂದು ತಿಳಿದು ಕಟ್ಟಕಡೆಯಲ್ಲಿ ನಿಲ್ಲಿಸುತ್ತದೆ. ತಲೆತಲಾಂತರದಿಂದ ಗಾದಿ ಹಿಂಜುತ್ತ ಬಂದರೂ ಊರಿಗೆ ನಾವು ಯಾವಾಗಲೂ ಹೊಸಬರು. ಈಗ ನಮ್ಮವರು ಇಡಬೇಕೆಂದಿರುವ ಹೆಸರು ಮಹಾರಾಣಿ ಸುಖನಿದ್ರೆ. ನಮ್ಮತ್ತಿ ಕೇಳಿ, "ಮಹಾರಾಣಿ ಯಾರಪಾ, ನಾನೋ ನಿನ್ನ ಹೇಣ್ತಿಯೋ? ಮೊದ್ಲ ತೀರ್ಮಾನ ಆಗ್ಲಿ" ಅಂದರು. ನಗು ಬಂತು ನನಗೆ, ಆಮೇಲೆ ಮುಸುಕಿನಲ್ಲಿ ಅತ್ತುಬಿಟ್ಟೆ.

ಪಾಳಿ ಯಾಕೆ ಏರಿಳಿಯುತ್ತದೆ ಎಂದು ನಾನು ತಿಳಿದದ್ದು ಯಮನೂರಸಾಬ ಚಾಚಾರಿಂದ. ನಮ್ಮದೇ ಓಣಿಯಲ್ಲಿ ಗಾದಿ ಹಿಂಜುವವರು, ನಮಗೆ ಎದುರಾಳಿ. ನಮ್ಮವರಿಗೆ ಅವರ ಮೇಲೇ ಸಂಶಯ. ನಿನ್ನೆ ನಾನು ತಡೆಯಲಾರದೆ ಅವರ ಬಾಗಿಲಿಗೆ ಹೋಗಿ, ನಮಗೇನು ಮಾಡಿದಿರಿ ಚಾಚಾ ಎಂದು ಕೇಳಿಬಿಟ್ಟೆ. ಅವರು ಅರಳೆ ಹಿಂಜುವ ಬಿಲ್ಲು ಕೆಳಗಿಡಲಿಲ್ಲ. "ನಂದೂ ನಾಲ್ಕರಿಂದ ಎಂಟಕ್ಕ ಬಿತ್ತವಾ, ನಿನ್ನ ಗಂಡಗ ಇದು ಗೊತ್ತೈತೇನು?" ಅಂದರು. ಗೊತ್ತಿರಲಿಲ್ಲ ಮುತ್ಯಾ. ನಾವು ನಮ್ಮ ಪಾಳಿಯನ್ನೇ ಕೇಳುತ್ತ ತಿರುಗಿದೆವು, ಪಕ್ಕದವರದು ಒಮ್ಮೆಯೂ ಕೇಳಲಿಲ್ಲ. ಇದು ಕಡೆತದ ತಿಂಗಳು ಎಂದು ಅವರೇ ಬಿಡಿಸಿ ಹೇಳಿದರು. ಜನ ಕೇಳುವ ಮಾತು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ, ಹೊಸಬರು ಬರುತ್ತಾರೆ, ಸುಳ್ಳು ಅಂಗಡಿಗಳೂ ಹುಟ್ಟುತ್ತವೆ, ಅದಕ್ಕೆ ಕಂಬಗಳು ಆಗಾಗ ಎಲ್ಲ ಹೆಸರುಗಳನ್ನೂ ಒಟ್ಟಿಗೆ ಕಡೆಯುತ್ತವೆ. ಕಡೆಯುವಾಗ ಎಲ್ಲವೂ ಮೇಲೆ ಕೆಳಗೆ ಆಗುತ್ತವೆ. ಕಡೆತ ನಿಲ್ಲುವ ಮೊದಲೇ ಗಡಿಗೆಯಲ್ಲಿ ಕೈ ಹಾಕಿದರೆ ಬೆಣ್ಣೆ ಸಿಗುತ್ತದೆಯೇ? ಒಂದೊಂದು ಕಂಬ ಒಂದೊಂದು ಹೇಳುವುದೂ ಮೋಸವಲ್ಲವಂತೆ. ಕೇಳುವವರು ಎಲ್ಲಿ ನಿಂತಿದ್ದಾರೆ, ಹಿಂದೆ ಏನು ಕೇಳಿದ್ದರು ಎಂದು ನೋಡಿ ಹೇಳುತ್ತದೆ. ನಮ್ಮ ಬಾಗಿಲೆದುರು ಎರಡು ಅಂದದ್ದು ನಾವೇ ಅಲ್ಲಿ ಇದ್ದೇವೆಂದು.

ಇಷ್ಟು ಹೇಳಿ ಚಾಚಾ ಇನ್ನೊಂದು ಮಾತು ಅಂದರು. "ನಂದು ಎಂಟಕ್ಕ ನಿಂತತಿ. ನಿಮ್ಮದು ಹತ್ತೊಂಬತ್ತಕ್ಕ ಯಾಕ ಹೋತು? ಇಣುಕ ಬಂದಾಗೆಲ್ಲ ನಿಮ್ಮ ಬಾಗಿಲಕ್ಕ ಕೀಲಿ ಇತ್ತಲ್ಲವಾ." ಇಣುಕ ಅಂದರೆ ಮೊಣಕಾಲೆತ್ತರದ ಗಾಲಿ ಗಾಡಿ, ಕಂಬ ಕಳಿಸುವ ನೋಡುಗ. ಹೇಳದೆ ಕೇಳದೆ ಬಂದು ಅಂಗಡಿ ತೆರೆದಿದೆಯೇ, ಕೆಲಸ ನಡೆದಿದೆಯೇ ಎಂದು ಇಣುಕಿ ಹೋಗುತ್ತದೆ. ನಿಮ್ಮ ವೆಬ್‌ಸೈಟಿಗೂ ಇಂಥದೇ ಒಂದು ಬರುತ್ತಿತ್ತಂತೆ, ಕಣ್ಣಿಗೆ ಕಾಣುತ್ತಿರಲಿಲ್ಲವಂತೆ. ನಾವು ನಮ್ಮ ಪಾಳಿ ಎಷ್ಟೆಂದು ಕೇಳಲು ಊರು ಸುತ್ತುತ್ತಿದ್ದಾಗ ಅದು ನಮ್ಮ ಮುಚ್ಚಿದ ಬಾಗಿಲಿಗೆ ಮೂತಿ ಹಚ್ಚಿ ತಿರುಗಿ ಹೋಗಿದೆ. ಸಾಲದೆಂದು, ದಿನವೆಲ್ಲ ಗಾದಿ ಯಾರು ಹಿಂಜುತ್ತಾರೆಂದು ಕೇಳಿದವರು ನಾವೇ, ನಮ್ಮ ಹೆಸರು ಕೇಳಿಯೂ ನಮ್ಮ ಅಂಗಡಿಗೆ ಹೋಗದವರೂ ನಾವೇ. ಈ ಹೆಸರು ಕೇಳಿದವರು ಯಾರೂ ಅಲ್ಲಿಗೆ ಹೋಗುವುದಿಲ್ಲ ಎಂದು ಕಂಬ ತಿಳಿಯಿತು. ಮೊದಲ ಎರಡು ಮೆಟ್ಟಿಲು ಕಡೆತ ಇಳಿಸಿತು, ಮಿಕ್ಕದ್ದೆಲ್ಲ ನಾವೇ ಇಳಿದೆವು.

ಇದನ್ನು ನಿನ್ನೆಯೇ ಮನೆಯಲ್ಲಿ ಹೇಳಿದೆ. ನಮ್ಮವರು ಕಿವಿ ಮುಚ್ಚಿಕೊಂಡರು. "ಎದುರಾಳಿ ಹೇಳಿದ್ದು ನಂಬ್ತೀಯಲ್ಲ, ಚಳಿ ತಿಂಗಳು ಹೋದ್ರ ಕೂಸಿಗೇನು ಉಣಸ್ತೀ?" ಅಂದರು. ನಾಲ್ಕು ಇಯತ್ತೆ ಕಲಿತವಳು ನಾನು. ಚಾಚಾ ಸುಳ್ಳು ಹೇಳಿದ್ದರೆ? ಹೆಸರು ಉಳಿದು ಪಾಳಿ ಏಳದಿದ್ದರೆ? ಹೊಸ ಹೆಸರಿಗೆ ದೇವರು ದಯೆ ತೋರಿಸುತ್ತಿದ್ದನೋ ಏನೋ, ನಾನೇ ಅಡ್ಡ ಬಂದೆನೋ? ಬೆಳಗಿನಿಂದ ಇದನ್ನೇ ಹಿಂಜಿ ಹಿಂಜಿ ತಲೆ ಅರಳೆಯಾಗಿದೆ. ಆದರೆ ಮುತ್ಯಾ, ಮುರಿಸಿದವರ ಗತಿ ನಾನು ನಿಮ್ಮಿಂದ ಹಿಡಿದು ನೋಡಿದ್ದೇನೆ. ಮುರಿಸದೆ ಉಳಿದವರ ಗತಿ ನಮ್ಮ ಮನೆಯಲ್ಲಿ ಒಬ್ಬರೂ ನೋಡಿಲ್ಲ.

ಅದಕ್ಕೇ ಕೈ ಮುಗಿದು ಕೇಳುತ್ತೇನೆ. ಈ ಪತ್ರ ನಿಮಗೆ ಆ ದಿನಕ್ಕೆ ಮೊದಲು ಮುಟ್ಟಿದರೆ, ಪಾಳಿ ಬಿದ್ದ ಮುಂಜಾನೆ ಏನನ್ನೂ ಮುಟ್ಟಬೇಡಿರಿ. ಪಕ್ಕದ ಗಾದಿಯವರದೂ ಬಿದ್ದಿದೆಯೇ ಎಂದು ಮೊದಲು ಕೇಳಿರಿ. ಹೋದ ವರ್ಷ ಈ ದಿನಗಳಲ್ಲಿ ಹೇಗಿತ್ತು ನೆನೆಯಿರಿ, ಬೇಸಿಗೆಯಲ್ಲಿ ಗಾದಿ ಯಾರು ಕೇಳುತ್ತಾರೆ? ನಿಮ್ಮ ಬಾಗಿಲು ತೆರೆದಿದೆಯೇ, ಬಂದವರಿಗೆ ಒಳಗೆ ಹೋಗಲು ಬರುತ್ತದೆಯೇ ಎಂದು ಹೊರಗಿನವರಿಂದ ನೋಡಿಸಿರಿ. ಕಡೆತ ನಿಲ್ಲುವ ತನಕ ತಾಳಿರಿ. ಆಮೇಲೂ ಏಳದಿದ್ದರೆ, ಪಾಳಿಯಲ್ಲಿ ಮೇಲೇರಿದವರು ಜನಕ್ಕೆ ಏನು ಹೇಳಿಕೊಡುತ್ತಿದ್ದಾರೆ, ನೀವು ಏನು ಹೇಳಿಲ್ಲ, ಅದನ್ನು ನೋಡಿ ಒಂದೊಂದೇ ತಿದ್ದಿರಿ. ಒಂದು ತಿದ್ದಿ ಕಾಯಿರಿ, ಇಲ್ಲದಿದ್ದರೆ ಯಾವುದರಿಂದ ಎದ್ದಿತು ಯಾವುದರಿಂದ ಬಿತ್ತು ಎಂದು ತಿಳಿಯುವುದಿಲ್ಲ. ಗ್ಯಾರಂಟಿ ಎಂದವನನ್ನು ಹೊಸ್ತಿಲು ದಾಟಿಸಬೇಡಿರಿ. ಆ ಬಾಣಂತಿಯ ಗಾದಿಯ ಮಾತು ಕೀಳಬೇಡಿರಿ, ಅದು ನಮಗೆ ಮುಟ್ಟಲೇ ಇಲ್ಲ. ನನ್ನ ಕೂಸು ಹುಟ್ಟಿದಾಗ ಎಷ್ಟು ಗಟ್ಟಿ ಇರಬೇಕೆಂದು ಹೇಳುವವರಿಲ್ಲದೆ ನಾನು ನೆಲದ ಮೇಲೆ ಮಲಗಿದೆ.

ಬರೆಯುವುದು ಇನ್ನೂ ಇತ್ತು. ಆದರೆ ಈಗ ಅಟ್ಟದ ಕಿಂಡಿಯಿಂದ ನೋಡಿದೆ, ಯಮನೂರಸಾಬ ಚಾಚಾರ ಬಾಗಿಲಲ್ಲಿ ಇಣುಕ ನಿಂತಿದೆ. ಅವರಾದ ಮೇಲೆ ನಮ್ಮದೇ. ಕೆಳಗೆ ಅಂಗಡಿಗೆ ಕೀಲಿ ಇದೆ, ನಮ್ಮವರು, ಕೂಸನ್ನು ಎತ್ತಿಕೊಂಡ ಅತ್ತಿ, ಇಬ್ಬರೂ ನನ್ನ ಹೆಸರು ಕೂಗುತ್ತ ಓಣಿ ತಿರುಗುತ್ತಿದ್ದಾರೆ. ಭೋಂಗಾ ಇನ್ನೂ ಕೂಗಿಲ್ಲ. ಹಿತ್ತಲ ಕಡೆಯಿಂದ ಇಳಿದು, ನನ್ನ ಸೆರಗಿನ ಕೀಲಿಕೈಯಿಂದ ಬಾಗಿಲು ತೆರೆದು ಬಿಲ್ಲು ಹಿಡಿದರೆ ಆ ಸಪ್ಪಳಕ್ಕೆ ನಾನು ಸಿಕ್ಕಿಬೀಳುತ್ತೇನೆ. ಇಳಿಯದಿದ್ದರೆ ಇವತ್ತೂ ಅದು ಕೀಲಿ ನೋಡಿ ಹೋಗುತ್ತದೆ, ಆಗ ಉಳಿಸಿದ ಹೆಸರಿನಿಂದ ಏನು ಬಂತು?

ಕಾಗದ ಮಡಚಿ ಸೆರಗಿಗೆ ಕಟ್ಟಿಕೊಂಡು ಇಳಿಯುತ್ತೇನೆ. ಅವರು ಓಡಿ ಬಂದು ಕೈ ಹಿಡಿದು ಕಂಬದ ತನಕ ಎಳೆದರೆ ಕೈ ಕೊಡುತ್ತೇನೆ, ಅಳುತ್ತ ನಿಂತರೆ ನಾನೂ ಅಳುತ್ತೇನೆ. ದನಿ ಮಾತ್ರ ಕೊಡುವುದಿಲ್ಲ.

ನಿಮ್ಮ ಮನೆಯ ಸೊಸೆ,
ದಾವಲಬಿ