ಮಹಡಿಯ ನೆಲದೊಳಗಿನ ಸದ್ದು

೧೧ನೇ ತಾರೀಖು, ಗುರುವಾರ ಬೆಳಿಗ್ಗೆ

ನನ್ನ ಗುಬ್ಬಿಗೆ,

ಅಮ್ಮನ ಮುದ್ದು. ಪರೀಕ್ಷೆ ಹತ್ತಿರ ಬಂತೆಂದು ಊಟ ಬಿಟ್ಟು ಓದಬೇಡ. ಕೆಲಸ ಹೇಗಿದೆ ಎಂದು ಫೋನಿನಲ್ಲಿ ಕೇಳಿದರೆ ಮಾತು ಮರೆಸುತ್ತೀ ಎಂದು ಮುನಿಸಿಕೊಂಡಿದ್ದೆಯಲ್ಲ, ಈಗ ಹೇಳುತ್ತೇನೆ. ನನ್ನ ಮೇಲೆ ಕೇಸು ಬಿದ್ದಿದೆ. ಮೊದಲು ನಕ್ಕುಬಿಡು, ಗಾಬರಿ ಆಮೇಲೆ ಪಡುವೆಯಂತೆ.

ಮನೆ ಕೊಳ್ಳುವವರ ಪರವಾಗಿ ಗೋಡೆ, ಸೂರು, ನಲ್ಲಿ, ವೈರು ನೋಡಿ ವರದಿ ಬರೆಯುವ ಈ ಕೆಲಸದಲ್ಲಿ ಹತ್ತೊಂಬತ್ತು ವರ್ಷದಿಂದ ಎಂತೆಂಥ ದೂರು ಕೇಳಿದ್ದೇನೆಂದು ನಿನಗೇ ಗೊತ್ತು. ಪಕ್ಕದ ಮನೆಯ ನಾಯಿ ಬೊಗಳುತ್ತದೆ ಎಂದು ಯಾಕೆ ಬರೆಯಲಿಲ್ಲ ಅಂತ ನೋಟಿಸು ಕಳಿಸಿದ ಮಹಾನುಭಾವರೂ ಇದ್ದರು. ಈ ಸಲದ್ದು ಅದನ್ನೂ ಮೀರಿಸಿತು. ಮನೆ ಕೊಂಡವರು ಒಬ್ಬ ನಿವೃತ್ತ ಟೀಚರ್, ಒಬ್ಬರೇ ಇರುತ್ತಾರೆ. ಮಹಡಿಯ ಮರದ ನೆಲದೊಳಗೆ ಏನೋ ಓಡಾಡುತ್ತದಂತೆ, ನಾನು ಅದನ್ನು ವರದಿಯಲ್ಲಿ ಮುಚ್ಚಿಟ್ಟೆನಂತೆ.

ನಮ್ಮ ವಕೀಲರು ಬಿದ್ದು ಬಿದ್ದು ನಕ್ಕರು. ಟೀಚರ್ ಮಗನೇ ನಮ್ಮ ಪರವಾಗಿ ಹೇಳಿಕೆ ಕೊಡುತ್ತಾನಂತೆ. ಅಮ್ಮನಿಗೆ ವಯಸ್ಸಾಯಿತು, ಇಲ್ಲದ್ದೆಲ್ಲ ಕೇಳಿಸುತ್ತದೆ, ಮನೆ ಮಾರಿಸಿ ವೃದ್ಧಾಶ್ರಮಕ್ಕೆ ಸೇರಿಸಬೇಕೆಂದಿದ್ದೇನೆ ಅಂದನಂತೆ. ನೀವು ಬಾಯಿಗೆ ಬೀಗ ಹಾಕಿಕೊಂಡು ಕೂತರೆ ಗೆದ್ದ ಹಾಗೆಯೇ, ಸೋತರೆ ಲೈಸೆನ್ಸಿಗೇ ಕುತ್ತು, ಆ ಬೀದಿಗೆ ಮಾತ್ರ ಕಾಲಿಡಬೇಡಿ ಎಂದರು ವಕೀಲರು.

ಬೇಡ ಅಂದಮೇಲೆ ನಿನ್ನಮ್ಮ ಸುಮ್ಮನಿರುತ್ತಾಳೆಯೇ? ಅಲ್ಲಿ ಓಡಾಡುವುದು ಏನು ಎಂಬುದೇ ತಲೆ ಕೊರೆಯುತ್ತಿತ್ತು. ಇಲಿಯಾದರೆ ಹಿಕ್ಕೆ ಇರಬೇಕಿತ್ತು. ನೀರಿನ ಪೈಪೋ ಅಂದರೆ ಆ ಮೂಲೆಯಲ್ಲಿ ಪೈಪೇ ಇಲ್ಲ. ಮಂಗಳವಾರ ಮಧ್ಯಾಹ್ನ ಹೋಗಿ ಬೆಲ್ ಒತ್ತಿಯೇ ಬಿಟ್ಟೆ. ಮುಖಕ್ಕೆ ಬಾಗಿಲು ಹಾಕುತ್ತಾರೆ ಅಂದುಕೊಂಡರೆ, ಟೀಚರ್ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಬಂದವರೆಲ್ಲ ನನ್ನ ಮುಖ ನೋಡುತ್ತಾರೆ, ನೆಲಕ್ಕೆ ಕಿವಿ ಕೊಡುವವರು ಒಬ್ಬರೂ ಇಲ್ಲ ಎಂದರು. ಕೇಸು ಹಾಕಿದ್ದೂ ಅದಕ್ಕೇ ಅಂತೆ, ಕೋರ್ಟು ಹೇಳಿದರಾದರೂ ಯಾರೋ ಒಬ್ಬರು ಬಂದು ಕೇಳಿಸಿಕೊಳ್ಳಲಿ ಅಂತ.

ನಾನು ಮಹಡಿಯ ಕೋಣೆಯಲ್ಲಿ, ಮಂಚದ ಪಕ್ಕ ಬೋರಲು ಮಲಗಿ ನೆಲಕ್ಕೆ ಕಿವಿಯಿಟ್ಟೆ. ಟೀಚರ್ ಕಿಟಕಿ ಬಳಿಯ ಹಲಗೆಯ ಮೇಲೆ ಕಾಲಿಟ್ಟರು. ಒಳಗೆ ಗರ್ರ್ ಎಂದು ಏನೋ ಉರುಳಿ, ಟಕ್ ಎಂದು ನಿಂತಿತು. ಗುಬ್ಬಿ, ಆ ಸದ್ದು ನನಗೆ ನಿನ್ನ ದನಿಯಷ್ಟೇ ಪರಿಚಯ. ನೆಲ ವಾಲಿದೆಯೇ ಎಂದು ತಿಳಿಯಲು ಪ್ರತಿ ಕೋಣೆಯಲ್ಲೂ ಒಂದು ಗಾಜಿನ ಗೋಲಿ ಉರುಳಿಸುತ್ತೇನಲ್ಲ, ಬೇರೆಯವರೆಲ್ಲ ಯಂತ್ರ ಹಿಡಿದರೂ ನಾನು ಬಿಡದ ಚಾಳಿ. ಆ ಮನೆ ನೋಡಿದ ದಿನ ಒಂದು ಗೋಲಿ ಗೋಡೆಯಂಚಿನ ಸಂದಿಯತ್ತ ಓಡಿತ್ತು. ಚೀಲದಲ್ಲಿ ಇನ್ನೊಂದು ಇತ್ತು, ಹುಡುಕುವ ಗೋಜಿಗೆ ಹೋಗಲಿಲ್ಲ. ಹಲಗೆ ಸಡಿಲವಾಗಿರುವುದನ್ನೂ ನೋಡಲಿಲ್ಲ. ಅದನ್ನು ತುಳಿದಾಗಲೆಲ್ಲ ಅಡಿಯಲ್ಲಿ ನನ್ನ ಗೋಲಿ ಉರುಳುತ್ತದೆ.

ನಾಚಿಕೆಯ ಮಾತು ಈಗ ಬರುತ್ತದೆ. ಕೇಳಿಸಿತೇ ಎಂದರು ಟೀಚರ್. ನೋಡೋಣ ಎಂದೆ. ಬಟ್ಟೆಯ ಧೂಳು ಕೊಡವಿಕೊಂಡು ಬಂದುಬಿಟ್ಟೆ. ಕೇಳಿಸಿದ್ದನ್ನು ಕೇಳಿಸಿತು ಅನ್ನಲೂ ನಾಲಿಗೆ ಏಳಲಿಲ್ಲ.

ಸುಮ್ಮನಿದ್ದರೆ ನನ್ನ ಲೈಸೆನ್ಸು ಉಳಿಯುತ್ತದೆ, ಆ ತಾಯಿಗೆ ಹುಚ್ಚಿಯ ಪಟ್ಟ. ಬಾಯಿ ಬಿಟ್ಟರೆ ನನ್ನ ಕಾಲ ಮೇಲೆ ನಾನೇ ಕಲ್ಲು ಎತ್ತಿ ಹಾಕಿಕೊಂಡಂತೆ. ಬೇರೆ ಕೆಲಸ ನನಗೆ ಬರುವುದೂ ಇಲ್ಲ. ಕಾನೂನು ಓದುತ್ತಿರುವವಳು ನೀನು, ಏನು ಮಾಡಲಿ ಎಂದು ಬರೆ. ನಿನ್ನ ಉತ್ತರ ಬರುವ ತನಕ ತುಟಿ ಪಿಟಕ್ಕೆನ್ನುವುದಿಲ್ಲ.

ನಿನ್ನನ್ನೇ ನೆನೆಯುತ್ತಾ,
ಗೋಡೆ ತಟ್ಟುವ ನಿನ್ನ ಅಮ್ಮ

ತಾ.ಕ.: ನಿನ್ನ ಉತ್ತರಕ್ಕೆ ಕಾಯುತ್ತೇನೆ ಅಂದದ್ದು ಸುಳ್ಳು ಕಣೇ. ನಿನ್ನೆಯೇ ಟೀಚರ್ ಮನೆಗೆ ಮತ್ತೆ ಹೋಗಿ ಎಲ್ಲ ಹೇಳಿ, ಬರೆದು ಸಹಿ ಹಾಕಿ ಕೊಟ್ಟಿದ್ದೇನೆ. ವಕೀಲರಿಗೆ ಹೇಳಲು ಇನ್ನೂ ಧೈರ್ಯ ಬಂದಿಲ್ಲ. ಕೇಸಿನ ವಿಷಯ ನಾನೂ ಕೇಳಲಿಲ್ಲ, ಟೀಚರೂ ಎತ್ತಲಿಲ್ಲ. ಹಲಗೆ ಎತ್ತಿ ಗೋಲಿ ತೆಗೆಯಲು ಕೂತಾಗ ಮಾತ್ರ ನನ್ನ ಕೈ ಹಿಡಿದುಕೊಂಡರು. ಭಾನುವಾರ ಮಗ ಬರುತ್ತಾನೆ, ಅವನನ್ನು ಈ ಹಲಗೆಯ ಮೇಲೆ ನಿಲ್ಲಿಸಿ, ಈಗ ಕೇಳಿಸಿತೇನೋ ಎಂದು ಒಂದು ಸಲ ಕೇಳಬೇಕು, ಆಮೇಲೆ ತೆಗೆಯಮ್ಮ ಎಂದರು.