ಸಾನ್ ಹಸಿಂತೊದಲ್ಲಿ ಬಾಣಂತನ

ಹಲಸೂರು, ಬೆಂಗಳೂರು
೩ ಫೆಬ್ರವರಿ ೨೦೦೨, ಭಾನುವಾರ

ಪ್ರೀತಿಯ ವಿಭಾ,

ಹೇಗಿದ್ದೀಯೇ ಪುಟ್ಟಿ? ಪಾದದ ಬಾವು ಇಳಿಯಿತೇ? ಮಗು ವಿಪರೀತ ಒದೆಯುತ್ತಿದೆ ಎಂದು ಬರೆದಿದ್ದೀಯ. ಒದೆಯಲಿ ಬಿಡು, ನೀನೇನು ಕಡಿಮೆ ಒದ್ದವಳಲ್ಲ. ಎಡಮಗ್ಗುಲಿಗೆ ಮಲಗು. ದಿನವಿಡೀ ನಿಂತು ಕೆಲಸ ಮಾಡಬೇಡ. ಯುದ್ಧಕಾಲದ ನೆಲಬಾಂಬಿಗೆ ಕಾಲು ಕಳೆದುಕೊಂಡವರಿಗೆ ಕೃತಕ ಕಾಲು ಮಾಡಿಕೊಡುವುದು ಪುಣ್ಯದ ಕೆಲಸವೇ, ನಾನು ಇಲ್ಲವೆನ್ನುವುದಿಲ್ಲ. ಆದರೆ ನಿನ್ನ ಕಾಲೂ ಕಾಲೇ ಅಲ್ಲವೇ? ಅಳಿಯ ರಫಾಯೆಲ್‌ಗೆ ನನ್ನ ಆಶೀರ್ವಾದ ತಿಳಿಸು. ಅನ್ನ ಬಸಿಯುವುದನ್ನು ಕಲಿತಿದ್ದಾನೆಂದು ಓದಿ ಸಂತೋಷವಾಯಿತು. ಈ ಮನೆಯ ಗಂಡಸಿಗೆ ಮೂವತ್ತು ವರ್ಷದಲ್ಲಿ ಅದೂ ಬಂದಿಲ್ಲ.

ಈಗ ಸಮಾಚಾರಕ್ಕೆ ಬರುತ್ತೇನೆ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕಾದದ್ದು. ಅಲ್ಲಿನ ಡಾಕ್ಟರು ನಿನಗೆ ವಿಮಾನ ಹತ್ತಲೇಬೇಡ ಎಂದಿದ್ದಾರೆ, ರಫಾಯೆಲ್‌ಗೂ ತಾಯಿಯಿಲ್ಲ. ಹಾಗೆಂದು ನನ್ನ ಮಗಳು ಒಬ್ಬಳೇ ಹೆತ್ತು, ಒಬ್ಬಳೇ ಎದ್ದು, ಗಂಜಿ ಕಾಯಿಸಿಕೊಳ್ಳಬೇಕೇ? ನೀನು ಬರಲಾಗದಿದ್ದರೆ ತವರೇ ಅಲ್ಲಿಗೆ ಬರುತ್ತದೆ. ಈ ತಿಂಗಳ ಕೊನೆಗೆ ಹೊರಟು ಮೂರು ವಾರ ಇರುತ್ತೇನೆ. ಬಾಣಂತನಕ್ಕೆ ಅದು ಯಾವ ಮೂಲೆಗೂ ಸಾಲದು, ಗೊತ್ತು. ಮಾರ್ಚಿನಲ್ಲಿ ಲೆಕ್ಕ ಮುಗಿಸುವ ಗಡಿಬಿಡಿಯ ನಡುವೆ ವಿಮಾ ಕಚೇರಿಯಲ್ಲಿ ಅಷ್ಟು ರಜೆ ಸಿಕ್ಕಿದ್ದೇ ರಾಯರ ದಯೆ.

ಟಿಕೆಟ್ ಮಾಡಿಸಿದ್ದು ಶಿವಾಜಿನಗರದ ಜಿಯಾವುಲ್ಲಾ ಅವರ ಹತ್ತಿರ. ನಿಕರಾಗುವಾ ಎಂದ ಕೂಡಲೇ ಪಾಪ, ಗೋಡೆಯ ಮೇಲಿನ ನಕ್ಷೆಯ ಮುಂದೆ ಕನ್ನಡಕ ಹಾಕಿಕೊಂಡು ನಿಂತರು. "ಅಮ್ಮಾ, ಹಜ್‌ಗೆ ಕಳ್ಸಿದೀನಿ, ದುಬೈಗೆ ಕಳ್ಸಿದೀನಿ. ಈ ಊರಿಗೆ ನೀವೇ ಫಸ್ಟು" ಎಂದರು. ಎರಡು ಕಡೆ ವಿಮಾನ ಬದಲಿಸಬೇಕು, ಆಮೇಲೆ ನಿಮ್ಮ ಸಾನ್ ಹಸಿಂತೊಗೆ ಬಸ್ಸು. ಭಾಷೆ ಬರುವುದಿಲ್ಲವೆಂದು ನೀನು ಹೆದರಬೇಡ. ದಂಡು ಪ್ರದೇಶದಲ್ಲಿ ಹುಟ್ಟಿ ಬೆಳೆದವಳು ನಾನು. ತಮಿಳಿನಲ್ಲಿ ಸೊಪ್ಪು, ಉರ್ದುವಿನಲ್ಲಿ ಬಳೆ, ಇಂಗ್ಲಿಷಿನಲ್ಲಿ ಸಾಹೇಬರನ್ನು ಸಂಭಾಳಿಸಿದವಳಿಗೆ ಇನ್ನೊಂದು ಭಾಷೆ ಯಾವ ಮಹಾ!

ಸಾಮಾನು ಅರ್ಧ ಸಿದ್ಧವಾಗಿದೆ. ಒಣಶುಂಠಿ, ಬಜೆ, ಮೆಣಸಿನ ಸಾರಿನ ಪುಡಿ, ಧೂಪಕ್ಕೆ ಸಾಂಬ್ರಾಣಿ, ನನ್ನ ಹಳೆಯ ಹತ್ತಿಸೀರೆ ಹರಿದು ಹೊಲಿದ ಬಟ್ಟೆಗಳು, ಎರಡು ಕುಲಾವಿ. ಅಂಟಿನುಂಡೆ ಹೊರಡುವ ಮುನ್ನಾದಿನ ಕಟ್ಟುತ್ತೇನೆ. ಅಲ್ಲಿಯೂ ಬಾಣಂತಿಯನ್ನು ನಲವತ್ತು ದಿನ ಗಾಳಿಗೆ ಬಿಡುವುದಿಲ್ಲ, ತಣ್ಣಗಿನದನ್ನು ಮುಟ್ಟಿಸುವುದಿಲ್ಲ ಎಂದು ಪಕ್ಕದ ಮನೆಯಾಕೆ ಹೇಳಿದಳಂತಲ್ಲ, ಹಾಗಾದರೆ ಅವರೂ ನಮ್ಮವರೇ ಬಿಡು. ಆದರೆ ಅವರು ಕೊಡುವ ಕೋಳಿಸಾರಿನ ವಿಷಯ ನಾನು ಬಂದ ಮೇಲೆ ಮಾತಾಡೋಣ. ಎಳೆಗೂಸಿಗೆ ನೀರು ಹಾಕಿ ಎಷ್ಟೋ ವರ್ಷವಾಯಿತಲ್ಲ ಎಂದು ನಮ್ಮ ಬೀದಿಯ ಮಕ್ಕಳಿಗೆಲ್ಲ ಎರೆಯುವ ಪಟಾಲಮ್ಮನನ್ನು ಕೇಳಿದೆ. "ಎರೆದ ಕೈಗೆ ಮರೀತದಾ ಅಮ್ಮಾ?" ಎಂದು ನಕ್ಕುಬಿಟ್ಟಳು.

ನಿಮ್ಮಪ್ಪನ ವಿಷಯ. ಆರೋಗ್ಯವಾಗಿದ್ದಾರೆ. ನಿವೃತ್ತರಾದ ಮೇಲೂ ಕಾರ್ಖಾನೆ ಬಸ್ಸಿನ ಹೊತ್ತಿಗೆ ಸರಿಯಾಗಿ ಸ್ನಾನ ಮುಗಿಸಿ, ಹೋಗುವುದೆಲ್ಲಿಗೆಂದು ತಿಳಿಯದೆ ಕೆರೆ ಸುತ್ತಿ ಬರುತ್ತಾರೆ. ನೀನು ಅಲ್ಲೇ ಮದುವೆಯಾಗಿ ಆಮೇಲೆ ತಿಳಿಸಿದೆಯಲ್ಲ, ಆ ಗಾಯ ಇನ್ನೂ ಮಾಗಿಲ್ಲ. ಎರಡು ವರ್ಷದಿಂದ ನಿನ್ನೊಡನೆ ಒಂದು ಮಾತಿಲ್ಲ. ನೀನೂ ಅಷ್ಟೇ, ಫೋನ್ ಮಾಡಿದಾಗ 'ಅಪ್ಪನಿಗೆ ಕೊಡು' ಎಂದು ಒಂದು ಸಲ ಕೇಳಿದವಳಲ್ಲ. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎನ್ನುತ್ತಾರೆ. ನಮ್ಮ ಮನೆಯಲ್ಲಿ ಮಾತ್ರ ನೂಲು ಪೂರ್ತಿ ಅಪ್ಪನದು. ನಿಮ್ಮಿಬ್ಬರ ನಡುವೆ ನಾನು ನವೆದಿದ್ದೇನೆ. ಇರಲಿ ಎಂದು ಅವರಿಗೂ ಪಾಸ್‌ಪೋರ್ಟು, ವೀಸಾ ಎಲ್ಲ ನನ್ನದರ ಜೊತೆಗೇ ಮಾಡಿಸಿದೆ. ತೋರಿಸಿದಲ್ಲಿ ಸಹಿ ಹಾಕಿದರು, "ನಾನಂತೂ ಬರಲ್ಲ" ಎಂದೂ ಹೇಳಿದರು. ಹೋಗಲಿ ಬಿಡು. ಮೊಮ್ಮಗುವಿನ ಫೋಟೊ ತಂದು ಕಣ್ಣೆದುರಿಗೆ ಹಿಡಿಯುತ್ತೇನೆ, ಆಗ ಏನು ಮಾಡುತ್ತಾರೋ ನೋಡೋಣ.

ಧೈರ್ಯವಾಗಿರು. ಬಿಸಿನೀರು ಕುಡಿ, ಹೊತ್ತಿಗೆ ಸರಿಯಾಗಿ ಉಣ್ಣು. ಒಡಲಿನ ಕೂಸಿಗೂ ನಿಮ್ಮಿಬ್ಬರಿಗೂ ರಾಯರ ರಕ್ಷೆ ಇರಲಿ. ಉಳಿದದ್ದನ್ನೆಲ್ಲ ನಿನ್ನ ತಲೆಗೆ ಎಣ್ಣೆ ಒತ್ತುತ್ತಾ ಹೇಳುತ್ತೇನೆ.

ನಿನ್ನ ಅಮ್ಮ
ರಮಾಮಣಿ

ಇದನ್ನು ತಪ್ಪದೆ ಓದು. ಬುಧವಾರ ಬೆಳಿಗ್ಗೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಲಕೋಟೆ ಅಂಟಿಸುವ ಮೊದಲೇ ಎಲ್ಲ ತಲೆಕೆಳಗಾಯಿತು. ಸೋಮವಾರ ಅಟ್ಟದ ಮೇಲಿನ ಸೂಟ್‌ಕೇಸನ್ನು ನಾನೇ ಇಳಿಸುತ್ತೇನೆಂದು ಜಂಬದಿಂದ ಸ್ಟೂಲು ಹತ್ತಿ ಬಿದ್ದೆ. ಬಲಗಾಲಿನ ಮೂಳೆ ಬಿರುಕು ಬಿಟ್ಟಿದೆ, ಆರು ವಾರ ಪ್ಲಾಸ್ಟರ್. ಗಾಬರಿಯಾಗಬೇಡ, ನನ್ನನ್ನು ನೋಡಿಕೊಳ್ಳಲು ನಿನ್ನ ಚಿಕ್ಕಮ್ಮ ಬರುತ್ತಾಳೆ. ಆದರೆ ನಿನ್ನ ಹತ್ತಿರ ಬರಲಾಗದಲ್ಲ ಎಂದು ರಾತ್ರಿಯೆಲ್ಲ ಅತ್ತೆ. ನಿಮ್ಮಪ್ಪ ನಿನ್ನೆ ಬೆಳಿಗ್ಗೆ ಜಿಯಾವುಲ್ಲಾ ಅವರ ಹತ್ತಿರ ಹೋಗಿ, ನನ್ನ ಟಿಕೆಟ್ ರದ್ದು ಮಾಡಿಸಿ, ಅದೇ ದಿನಕ್ಕೆ ತಮ್ಮ ಹೆಸರಿನಲ್ಲಿ ತೆಗೆದುಕೊಂಡು ಬಂದರು. ಸಂಜೆ ಪಟಾಲಮ್ಮನನ್ನು ಕರೆಸಿ, ಬಚ್ಚಲಲ್ಲಿ ಕಾಲು ನೀಡಿ ಕೂತು, ಕಾಲ ಮೇಲೆ ದಿಂಬು ಮಲಗಿಸಿ ನೀರೆರೆಯುವುದನ್ನು ಕಲಿತರು. "ಸಾಮೀ, ಕತ್ತು ಹಿಡ್ಕೊಳ್ಳಿ, ಕತ್ತು!" ಎಂದು ಅವಳು ಕೂಗಿದ್ದು ಬೀದಿಗೆಲ್ಲ ಕೇಳಿಸಿತು. ಇವತ್ತು ಎದ್ದವರೇ ಮೆಣಸಿನ ಸಾರು ಮಾಡಿದ್ದಾರೆ. ಉಪ್ಪು ಜಾಸ್ತಿ. ನಾನು ಹೇಳಲಿಲ್ಲ.

ನೀವೇ ಒಂದು ಫೋನ್ ಮಾಡಿ ಅವಳಿಗೆ ತಿಳಿಸಿ ಎಂದೆ. "ಫೋನ್ ಬೇಡ ಕಣೇ, ನೀನೇ ಕಾಗದದಲ್ಲಿ ಬರಿ. ಬರಬೇಡಿ ಅಂದ್ಬಿಟ್ರೆ?" ಎಂದರು. ಈ ಮನುಷ್ಯ ಹೆದರಿದ್ದನ್ನು ನಾನು ಮೊದಲ ಸಲ ನೋಡಿದೆ ವಿಭಾ. ಇದು ಕೈಸೇರಿದ ಗಳಿಗೆಯಲ್ಲೇ ಫೋನ್ ಮಾಡು. ಕಾಲು ಮುರಿದುಕೊಂಡು ಕೂತವಳು ನಾನು, ಏಳಲಾರೆ. ಫೋನು ಅವರೇ ಎತ್ತಬೇಕು.