ಸೂತಕದ ಚಾಪೆ

ಜನವರಿ, ಪ್ರಾರ್ಥನೆಯ ವಾರ. ಗುರುವಾರ ರಾತ್ರಿ, ಹಾಪೈ ದ್ವೀಪ.

ನಾನು ಉಪವಾಸ ಮುರಿದೆನಂತೆ, ಅದೂ ನಿದ್ದೆಯಲ್ಲಿ. ಕೆಸುವಿನ ಗೆಡ್ಡೆಯ ಮೇಲೆ ಬೆಳಿಗ್ಗೆ ಕಂಡದ್ದು ನನ್ನದೇ ಮುರುಕು ಹಲ್ಲಿನ ಗುರುತು. ದೋಣಿ ಸಮೇತ ಕಾಣೆಯಾದ ಗಂಡ ತಾನಿಯೇಲ ಮನೆಗೆ ಬರಲಿ ಎಂದು ಹಸಿದು ಕೂತವಳು ನಾನು. "ದೇವರಿಗೆ ಹಸಿವಿನ ಲಂಚ ಕೊಡ್ತೀಯೇನಮ್ಮಾ? ನೀತಿವಂತರಾಗೋದು ನಂಬಿಕೆಯಿಂದ, ಖಾಲಿ ಹೊಟ್ಟೆಯಿಂದಲ್ಲ," ಎಂದು ಪಾದ್ರಿಗಳು ಭಾನುವಾರವೇ ಗದರಿದ್ದರು. ನಂಬಿಕೆ ಎಲ್ಲಿಂದ ತರಲಿ? ಅದಿಲ್ಲದ್ದಕ್ಕೇ ಈ ಉಪವಾಸ.

ಮಗಳು ಮೆಲೆಯಾನೆ ನನ್ನ ಹತ್ತಿರ ಬರಲೂ ಹೆದರುತ್ತಿದ್ದಾಳೆ. "ರಾತ್ರಿ ನಿದ್ದೆಗಣ್ಣಲ್ಲಿ ನೀನೇ ಎರಡು ತಟ್ಟೆ ಇಟ್ಟೆ ಕಣಮ್ಮಾ. 'ಇವರನ್ನ ಮನೆಗೆ ಕರ್ಕೊಂಡು ಬಂದ್ಯಲ್ಲಾ ಸ್ವಾಮಿ, ನಿನಗೆ ಸ್ತೋತ್ರ' ಅಂದೆ. ಆಮೇಲೆ ನಗ್ತಾ ಊಟ ಮಾಡ್ದೆ."

ಸಾವಾದ ಮನೆಯವರ ಹಾಗೆ ಸೊಂಟಕ್ಕೆ ಸುತ್ತಿಕೋ ಎಂದು ನಾದಿನಿ ತಂದಿಟ್ಟಿದ್ದ ಸೂತಕದ ಚಾಪೆಯನ್ನು ನಾನು ಮುಟ್ಟಿಯೂ ಇರಲಿಲ್ಲ. ಬೆಳಿಗ್ಗೆ ಅದು ಎರಡನೆಯ ತಟ್ಟೆಯ ಮುಂದೆ ಹಾಸಿತ್ತು. ಮಡಿಸಲು ಹೋದರೆ ನಡುವೆ, ಒಬ್ಬರು ಕೂರುವಷ್ಟು ಅಗಲಕ್ಕೆ, ಒದ್ದೆ. ಬೆರಳು ನೆಕ್ಕಿ ನೋಡಿದೆ. ಉಪ್ಪು.

ಮಗಳಿಗೆ ಇದನ್ನು ಹೇಳಿಲ್ಲ. ಈಗ ಎಚ್ಚರವಾಗಿದ್ದೇ ಎರಡು ತಟ್ಟೆ ಇಟ್ಟು ಚಾಪೆ ಹಾಸಿದ್ದೇನೆ. ಆದರೆ ಸ್ತೋತ್ರದ ಮೊದಲ ಮಾತೇ ಬಾಯಿಗೆ ಬರುತ್ತಿಲ್ಲ. ಕಣ್ಣು ಎಳೆಯುತ್ತಿದೆ. ನಾನು ನಿದ್ದೆ ಹೋಗಲೆಂದು ತಾನಿಯೇಲ ಬಾಗಿಲಾಚೆ ಕಾಯುತ್ತಿದ್ದರೆ—